ಗಡಿಯ ದಂಡಿಗೆ ದವಸ: ಸರ್ಕಾರದ ಕಣಜದಿಂದಲೋ, ಗುತ್ತಿಗೆದಾರನ ಗಾಡಿಯಿಂದಲೋ?

1791ರ ಮೇ ತಿಂಗಳು. 15ರಂದು ಅರಕೆರೆಯ ಬಳಿ ಟಿಪ್ಪುವಿನ ಪಡೆಯನ್ನು ಹಿಮ್ಮೆಟ್ಟಿಸಿದ್ದ ಲಾರ್ಡ್ ಕಾರ್ನ್‌ವಾಲಿಸ್‌ಗೆ ಶ್ರೀರಂಗಪಟ್ಟಣ ಕಣ್ಣಳತೆಯಲ್ಲೇ ಇತ್ತು. ಆದರೆ ಕೆಲವೇ ದಿನಗಳಲ್ಲಿ ಆತ ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆಸಿ ಬೆಂಗಳೂರಿನ ದಾರಿ ಹಿಡಿದ. ಎಳೆಯಬೇಕಿದ್ದ ಎತ್ತುಗಳು ರೋಗಕ್ಕೂ ಹಸಿವಿಗೂ ಸತ್ತುಬಿದ್ದಿದ್ದವು. ಹಾದಿಯ ಹಳ್ಳಿಗಳಲ್ಲಿ ಕಾಳು, ಮೇವು ಸಿಗದಂತೆ ಟಿಪ್ಪು ಮೊದಲೇ ಬರಿದು ಮಾಡಿಸಿದ್ದ. ಗೆದ್ದ ದಂಡು ಹಸಿದು ವಾಪಸಾಯಿತು.

ಹತ್ತು ವರ್ಷ ಹಿಂದೆ, 1781ರಲ್ಲಿ, ಯಾರ್ಕ್‌ಟೌನ್‌ನಲ್ಲಿ ಅಮೆರಿಕನ್ನರಿಗೆ ಶರಣಾದದ್ದೂ ಇದೇ ಕಾರ್ನ್‌ವಾಲಿಸನ ಸೇನೆ. ಅಲ್ಲಿ ಗೆದ್ದ ಹೊಸ ಗಣರಾಜ್ಯಕ್ಕೂ 1791 ಕೆಟ್ಟ ವರ್ಷವಾಯಿತು. ಓಹಿಯೋ ನದಿಯಾಚೆಯ ಗಡಿಕಾಡಿಗೆ ನುಗ್ಗಿದ್ದ ಜನರಲ್ ಆರ್ಥರ್ ಸೇಂಟ್ ಕ್ಲೇರ್‌ನ ಸೇನೆಯನ್ನು ನವೆಂಬರ್ 4ರಂದು ಮೂಲನಿವಾಸಿಗಳ ಒಕ್ಕೂಟ ಮುರಿದುಹಾಕಿತು. 600ಕ್ಕೂ ಹೆಚ್ಚು ಸೈನಿಕರು ಸತ್ತರು. ತಮ್ಮ ನೆಲ ಉಳಿಸಿಕೊಳ್ಳಲು ಹೋರಾಡಿದ ಆ ಜನರ ಯುದ್ಧಕೌಶಲವೇ ಸೋಲಿನ ಮೊದಲ ಕಾರಣ. ಎರಡನೆಯದು ಸೇನೆಯ ಉಗ್ರಾಣ.

ದಂಡಿಗೆ ಬೇಕಾದದ್ದನ್ನು ಸರ್ಕಾರವೇ ಬೆಳೆಸಿ, ತಯಾರಿಸಿ, ಸಾಗಿಸಬೇಕೇ? ಗುತ್ತಿಗೆದಾರರಿಗೆ ವಹಿಸಬಹುದೇ? ಬೆಂಗಳೂರಿನ ಹೊರವಲಯದಲ್ಲಿ ಇದು ಇಂದಿಗೂ ಅನ್ನದ ಪ್ರಶ್ನೆ. ಜಾಲಹಳ್ಳಿಯ ಬಿಇಎಲ್, ಹಳೇ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳು ಒಂದು ಕಡೆ. ಅವುಗಳಿಂದ ಆರ್ಡರ್ ಪಡೆದು ಬಿಡಿಭಾಗ ಕೊರೆಯುವ ಪೀಣ್ಯದ ಶೆಡ್‌ಗಳು, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳು ಇನ್ನೊಂದು ಕಡೆ.

ಪರ: ಸರ್ಕಾರದ ಕೈಯಲ್ಲೇ ಇರಲಿ

ಸೇಂಟ್ ಕ್ಲೇರ್‌ನ ಸೇನೆಗೆ ಊಟ ಒದಗಿಸುವ ಗುತ್ತಿಗೆ ಮೊದಲು ಇದ್ದದ್ದು ಥಿಯೊಡೋಸಿಯಸ್ ಫೌಲರ್ ಎಂಬಾತನ ಹೆಸರಿನಲ್ಲಿ. ಅದು ವಿಲಿಯಂ ಡ್ಯೂಯರ್ ಕೈಸೇರಿತು. ಡ್ಯೂಯರ್ ಖಜಾನೆ ಇಲಾಖೆಯಲ್ಲೇ ದೊಡ್ಡ ಹುದ್ದೆಯಲ್ಲಿದ್ದು ಹೊರಬಂದ ಸಟ್ಟಾ ವ್ಯಾಪಾರಿ. ಸೇನೆಯ ಊಟಕ್ಕೆಂದು ಸರ್ಕಾರ ಕೊಟ್ಟ ಮುಂಗಡವನ್ನು ಆತ ತನ್ನ ವ್ಯವಹಾರಗಳಿಗೆ ತಿರುಗಿಸಿದ. ಗಡಿಯಲ್ಲಿ ಹಿಟ್ಟು ತಲುಪಲಿಲ್ಲ, ಡೇರೆಗಳು ಸೋರಿದವು, ಜೀನುಗಳು ಕುದುರೆಗಳ ಬೆನ್ನಿಗೆ ಹೊಂದಲಿಲ್ಲ. ಹಸಿದ ಮಿಲಿಷಿಯಾದವರು ಪಡೆ ಬಿಟ್ಟು ಓಡಿದರು. ಅವರು ಹಿಂದೆ ಬರುತ್ತಿದ್ದ ದವಸದ ಸಾಲನ್ನೇ ಲೂಟಿ ಮಾಡಿಯಾರೆಂದು ಹೆದರಿದ ಸೇಂಟ್ ಕ್ಲೇರ್, ತನ್ನಲ್ಲಿದ್ದ ಅತ್ಯುತ್ತಮ ದಳವನ್ನು ಅದರ ಕಾವಲಿಗೆ ಕಳಿಸಿಬಿಟ್ಟ. ದಾಳಿ ನಡೆದ ಬೆಳಿಗ್ಗೆ ಆ ದಳ ಅಲ್ಲಿರಲೇ ಇಲ್ಲ. ಊಟದ ಗುತ್ತಿಗೆ ಯುದ್ಧಭೂಮಿಯಲ್ಲಿ ಜೀವ ತೆಗೆಯುವ ಬಗೆ ಇದು.

ಡ್ಯೂಯರ್ 1792ರಲ್ಲಿ ದಿವಾಳಿಯೆದ್ದು ಸಾಲಗಾರರ ಜೈಲಿಗೆ ಹೋದ. ಆದರೂ ಅಮೆರಿಕ ಊಟದ ಗುತ್ತಿಗೆ ಪದ್ಧತಿಯನ್ನು ಬಿಡಲಿಲ್ಲ. 1812ರ ಯುದ್ಧದಲ್ಲಿ ಅದೇ ಪಾಡು ಮರುಕಳಿಸಿತು. ಯುದ್ಧಮಂತ್ರಿ ಜಾನ್ ಕ್ಯಾಲ್‌ಹೂನ್‌ನ ಕಾಲದಲ್ಲಿ, 1818ರ ಕಾಯಿದೆಯ ಮೂಲಕ, ಸೈನಿಕರ ಆಹಾರ ಕೊಳ್ಳುವ ಹೊಣೆ ಕೊನೆಗೂ ಸೇನೆಯದೇ ಇಲಾಖೆಗೆ ಬಂತು.

ಮೈಸೂರಿಗೆ ಈ ಪಾಠ ಅಮೆರಿಕದಿಂದ ಬರಬೇಕಿರಲಿಲ್ಲ. ಒಡೆಯರ ಕಾಲದ ದನಗಳ ಇಲಾಖೆಯಾದ ಬೆಣ್ಣೆ ಚಾವಡಿ ಹೈದರನ ದಿನಗಳಲ್ಲಿ ಫಿರಂಗಿ ಎಳೆಯುವ ಎತ್ತುಗಳ ತವರಾಯಿತು. ಟಿಪ್ಪು ಅದಕ್ಕೆ ಅಮೃತ್ ಮಹಲ್ ಎಂದು ಹೆಸರಿಟ್ಟು ಹುಕುಂನಾಮೆಯಿಂದ ಕಟ್ಟುಪಾಡು ಹಾಕಿದ. ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಸೀಮೆಗಳ ಕಾವಲುಗಳನ್ನು, ಅಂದರೆ ಮೇವಿನ ಬಯಲುಗಳನ್ನು, ಬೇಸಿಗೆಗೊಂದು, ಮಳೆಗಾಲಕ್ಕೊಂದು ಎಂದು ವಿಂಗಡಿಸಿ ದನ ಮೇಯಿಸಲಾಗುತ್ತಿತ್ತು. ಕಾರ್ನ್‌ವಾಲಿಸನ ಎತ್ತುಗಳು ಸಾಯುತ್ತಿದ್ದಾಗ ಟಿಪ್ಪುವಿನ ಫಿರಂಗಿಗಳು ಚುರುಕಾಗಿ ಓಡಾಡಿದ್ದರ ಹಿಂದೆ ತಲೆಮಾರುಗಳ ಈ ಸಾಕಣೆಯಿತ್ತು.

ಮುಂದಿನ ಕತೆ ಇನ್ನೂ ಮುಖ್ಯ. 1799ರಲ್ಲಿ ಟಿಪ್ಪು ಮಡಿದ ನಂತರ ಮೇಲ್ವಿಚಾರಣೆ ಸಡಿಲವಾಗಿ ತಳಿ ಕ್ಷೀಣಿಸಿತು. 1813ರಲ್ಲಿ ಮದ್ರಾಸ್ ಸೇನೆಯ ಕ್ಯಾಪ್ಟನ್ ಹಾರ್ವೆ ವಹಿಸಿಕೊಂಡ ಮೇಲೆ ಚೇತರಿಸಿತು. 1860ರಲ್ಲಿ, ಖರ್ಚು ಹೆಚ್ಚು, ಬೇಕಾದರೆ ಸಂತೆಯಲ್ಲಿ ಕೊಳ್ಳಬಹುದು ಎಂಬ ಲೆಕ್ಕದಲ್ಲಿ ಇಡೀ ಹಿಂಡನ್ನು ಮಾರಿಬಿಟ್ಟರು. ಅಂಥ ಎತ್ತು ಸಂತೆಯಲ್ಲಿ ಸಿಗಲಿಲ್ಲ. 1866ರಲ್ಲಿ ಚದುರಿಹೋಗಿದ್ದ ದನಗಳನ್ನು ಹುಡುಕಿ ತಂದು ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ಶಾಂತಿಕಾಲದಲ್ಲಿ ಲಾಭ ತಾರದ ಒಂದು ಸಾಮರ್ಥ್ಯವನ್ನು ಯಾವ ವ್ಯಾಪಾರಿಯೂ ಸಾಕುವುದಿಲ್ಲ. ಸಿಯಾಚಿನ್‌ನ ಠಾಣೆಗಳಿಗೆ ದಶಕಗಳಿಂದ ಸಾಮಾನು ಹೊತ್ತೊಯ್ಯುತ್ತಿರುವ ಚೀತಾ ಹೆಲಿಕಾಪ್ಟರ್‌ಗಳನ್ನು ಬೆಂಗಳೂರಿನ ಎಚ್‌ಎಎಲ್ ತಯಾರಿಸಿತು. ಸೈನಿಕರ ಸಿದ್ಧ ಆಹಾರದ ಸಂಶೋಧನೆಯನ್ನು 1961ರಿಂದ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ, ಡಿಎಫ್‌ಆರ್‌ಎಲ್ ಮಾಡುತ್ತಿದೆ. ಮಾರುಕಟ್ಟೆ ಚಿಕ್ಕದು, ಕಾಲ ದೀರ್ಘ: ಇಂಥ ಕೆಲಸಕ್ಕೆ ಸರ್ಕಾರವೇ ಗತಿ.

ಎಚ್‌ಎಎಲ್‌ನ ಹುಟ್ಟೂ ಇದನ್ನೇ ಹೇಳುತ್ತದೆ. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಅದನ್ನು ಆರಂಭಿಸಿದರು. ಎರಡನೇ ಮಹಾಯುದ್ಧ ಪೂರ್ವ ದಿಕ್ಕಿಗೆ ಸರಿದ ಮೇಲೆ, 1942ರಲ್ಲಿ, ಭಾರತ ಸರ್ಕಾರ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಕಾರ್ಖಾನೆ ಅಮೆರಿಕದ ಯುದ್ಧವಿಮಾನಗಳ ದುರಸ್ತಿ ಕೇಂದ್ರವಾಯಿತು.

ವಿರೋಧ: ವ್ಯಾಪಾರಿ ಇಲ್ಲದೆ ದಂಡು ಸಾಗದು

ಹಸಿದು ವಾಪಸಾದ ಕಾರ್ನ್‌ವಾಲಿಸ್ ಮುಂದಿನ ಹತ್ತು ತಿಂಗಳಲ್ಲಿ ಹೇಗೆ ಗೆದ್ದ ಎಂಬುದನ್ನು ಮೊದಲ ಪಕ್ಷ ಹೇಳದೆ ಬಿಟ್ಟಿತು. ಆತ ಬಂಜಾರರ ಮೊರೆ ಹೋದ. ನಮ್ಮ ಲಂಬಾಣಿ ತಾಂಡಾಗಳ ಪೂರ್ವಿಕರಾದ ಅವರು ಹೇರೆತ್ತುಗಳ ಮೇಲೆ ದವಸ, ಉಪ್ಪು ಹೊತ್ತು ದಖ್ಖನ್ನಿನ ಉದ್ದಗಲ ತಿರುಗುವ ಸ್ವತಂತ್ರ ವ್ಯಾಪಾರಿಗಳು. ಯಾರು ಬೆಲೆ ಕೊಟ್ಟರೋ ಅವರ ದಂಡಿಗೆ ಕಾಳು ತಂದರು; ಇಬ್ಬರಿಗೂ ಅವರು ಬೇಕಾದ್ದರಿಂದ ಸೇನೆಗಳು ಸಾಮಾನ್ಯವಾಗಿ ಅವರ ತಂಟೆಗೆ ಹೋಗುತ್ತಿರಲಿಲ್ಲ. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಅವರನ್ನು ಒಗ್ಗೂಡಿಸಿ ಬೆಲೆಯ ಭರವಸೆ ಕೊಟ್ಟ. ಜುಲೈಯಲ್ಲಿ ಹೊಸೂರು ವಶವಾಗಿ, ರಾಯಕೋಟೆಯ ಕಡೆಯಿಂದ ಕರ್ನಾಟಿಕ್‌ಗೆ ಇಳಿಯುವ ದಾರಿ ತೆರೆಯಿತು. ಇಂದು ಎಲೆಕ್ಟ್ರಾನಿಕ್ ಸಿಟಿಯ ಉದ್ಯೋಗಿಗಳ ಬಸ್ಸುಗಳು ಸಾಲುಗಟ್ಟುವ ಹೊಸೂರು ದಿಕ್ಕಿನಿಂದಲೇ ಅಂದು ಬೆಂಗಳೂರಿಗೆ ದವಸ ಬಂತು. 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ್ದು ಹೊಟ್ಟೆ ತುಂಬಿದ ಸೇನೆ.

ಡ್ಯೂಯರ್‌ನ ಪ್ರಕರಣವನ್ನೂ ಪೂರ್ತಿ ಓದಬೇಕು. ಅಮೆರಿಕದ ಸಂಸತ್ತು 1792ರಲ್ಲಿ ನಡೆಸಿದ ವಿಚಾರಣೆ, ಅದರ ಇತಿಹಾಸದ ಮೊದಲ ಅಂಥ ವಿಚಾರಣೆ, ಸೇಂಟ್ ಕ್ಲೇರ್‌ನನ್ನು ದೋಷಮುಕ್ತಗೊಳಿಸಿ ಗುತ್ತಿಗೆದಾರನ ಜೊತೆಗೆ ಯುದ್ಧ ಇಲಾಖೆಯ ಅವ್ಯವಸ್ಥೆಯನ್ನೂ ಹೊಣೆ ಮಾಡಿತು. ಸರಬರಾಜಿನ ಸರ್ಕಾರಿ ಅಧಿಕಾರಿ ಸ್ಯಾಮ್ಯುಯೆಲ್ ಹಾಜ್‌ಡನ್ ತಡಮಾಡಿದ್ದೂ ಆ ಕತೆಯಲ್ಲಿದೆ. ಆ ಸೋಲಿನ ಮೂರು ವರ್ಷಗಳ ನಂತರ, 1794ರಲ್ಲಿ, ಜನರಲ್ ಆಂಥನಿ ವೇಯ್ನ್ ಅದೇ ಗಡಿಯಲ್ಲಿ ಗೆದ್ದಾಗಲೂ ಊಟ ತಂದವರು ಗುತ್ತಿಗೆದಾರರೇ. ಅವರ ಮೇಲೆ ಆತ ಪದೇ ಪದೇ ದೂರಿದ, ಬೆನ್ನು ಬಿಡದೆ ಕೆಲಸ ತೆಗೆದ. ಬದಲಾದದ್ದು ಉಸ್ತುವಾರಿ.

ಸರ್ಕಾರವೇ ಮಾಡಿದರೆ ಸೈನಿಕನಿಗೆ ಕೊರತೆಯಾಗದು ಎಂಬುದಕ್ಕೆ 1962ರ ಚೀನಾ ಯುದ್ಧ ನೋವಿನ ಉತ್ತರ: ಹಿಮದ ಗಡಿಯಲ್ಲಿ ನಮ್ಮ ಜವಾನರು ಚಳಿಗೆ ತಕ್ಕ ಬಟ್ಟೆಯಿಲ್ಲದೆ ಹೋರಾಡಿದರು. 2020ರಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿಯಂತೆ ಸಿಯಾಚಿನ್, ಲಡಾಖ್‌ನಂಥ ಎತ್ತರದ ನೆಲೆಗಳಿಗೂ ಹಿಮದ ಬೂಟು, ಕನ್ನಡಕಗಳ ಕೊರತೆ ಕಾಡಿತ್ತು. ಖರೀದಿಯ ಕಡತಗಳು ವರ್ಷಗಟ್ಟಲೆ ತಡವಾಗಿದ್ದವು. 41 ಆರ್ಡ್‌ನೆನ್ಸ್ ಕಾರ್ಖಾನೆಗಳ ಮಂಡಳಿಯನ್ನು 2021ರ ಅಕ್ಟೋಬರ್ 1ರಂದು ಏಳು ಕಂಪನಿಗಳಾಗಿ ಒಡೆದದ್ದು ಹಳೆಯ ಪದ್ಧತಿಯ ದಣಿವನ್ನು ಸರ್ಕಾರವೇ ಒಪ್ಪಿಕೊಂಡಂತೆ.

ಎಚ್‌ಎಎಲ್ ತಯಾರಿಸುವ ಯುದ್ಧವಿಮಾನ ತೇಜಸ್ ಮಾರ್ಕ್-1ಎ ಇನ್ನೂ ಹತ್ತಿರದ ಉದಾಹರಣೆ. ಸುಮಾರು 48,000 ಕೋಟಿ ರೂಪಾಯಿಗೆ 83 ವಿಮಾನಗಳ ಒಪ್ಪಂದ 2021ರ ಫೆಬ್ರವರಿಯಲ್ಲಾಯಿತು. ಹಸ್ತಾಂತರ 2024ರ ಮಾರ್ಚ್‌ಗೆ ಶುರುವಾಗಬೇಕಿತ್ತು, ಆಗಲಿಲ್ಲ. ಅಮೆರಿಕದಿಂದ ಬರಬೇಕಿದ್ದ ಜಿಇ ಎಂಜಿನ್‌ಗಳು ತಡವಾದದ್ದು ಒಂದು ಕಾರಣ. ಇಡೀ ಜೋಡಣೆಯನ್ನು ಒಂದೇ ಸಂಸ್ಥೆಯ ಮೇಲೆ ಹೊರಿಸಿದ್ದು ಇನ್ನೊಂದು. ಹಾಗಾಗಿಯೇ ಈಗ ರೆಕ್ಕೆ ಕೊಯಮತ್ತೂರಿನ ಎಲ್ ಅಂಡ್ ಟಿಯಿಂದ, ಮುಂಭಾಗದ ಒಡಲು ಬೆಂಗಳೂರಿನ ಡೈನಮ್ಯಾಟಿಕ್‌ನಿಂದ ಬರುತ್ತಿವೆ.

ಕಾವಲುಗಳ ಬಗ್ಗೆಯೂ ಒಂದು ಮಾತು. ಚಳ್ಳಕೆರೆ ಬಳಿಯ ಅಮೃತ್ ಮಹಲ್ ಕಾವಲಿನ ಸಾವಿರಾರು ಎಕರೆಯನ್ನು ಡಿಆರ್‌ಡಿಒ ಮತ್ತಿತರ ಸಂಸ್ಥೆಗಳಿಗೆ ಕೊಟ್ಟದ್ದು ಸರ್ಕಾರವೇ. ಅಲ್ಲಿ ಈಗ ಮಾನವರಹಿತ ವಿಮಾನಗಳ ಪರೀಕ್ಷಾ ವಲಯವಿದೆ. ಕುರಿ, ದನ ಮೇಯಿಸುತ್ತಿದ್ದ ಹಳ್ಳಿಯವರು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಬೇಕಾಯಿತು. ತಲೆಮಾರುಗಳ ಸಾಕಣೆಯನ್ನು ಸರ್ಕಾರ ತಾನಾಗಿಯೇ ಕಾಯುತ್ತದೆ ಎಂದು ನಂಬುವಂತಿಲ್ಲ.

ಈ ಪಕ್ಷಕ್ಕೂ ಒಂದು ಷರತ್ತಿದೆ. ಬಂಜಾರರು ಬಂದದ್ದು ಹಣ ಕೈಸೇರುವ ಭರವಸೆಯ ಮೇಲೆ. ಪೀಣ್ಯದಲ್ಲಿ ಜಾಬ್ ವರ್ಕ್ ಹಿಡಿಯುವ ಸಣ್ಣ ಮಾಲೀಕನಿಗೆ ಎಲ್‌-1 (ಅತಿ ಕಡಿಮೆ ಬೆಲೆಯ) ಟೆಂಡರಿನಲ್ಲಿ ಗೆಲ್ಲುವುದಕ್ಕಿಂತ ಬಿಲ್ ಪಾಸಾಗುವುದೇ ಕಷ್ಟವಾದರೆ, ಆತ ಗುಣಮಟ್ಟದ ಉಕ್ಕಿಗೂ ನುರಿತ ಕೆಲಸಗಾರನಿಗೂ ಖರ್ಚು ಮಾಡಲಾರ. 2006ರ ಎಂಎಸ್‌ಎಂಇ ಕಾಯಿದೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕೆನ್ನುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ 62,370 ಕೋಟಿ ರೂಪಾಯಿಗೆ ಇನ್ನೂ 97 ತೇಜಸ್‌ಗಳಿಗೆ ಸಹಿ ಬಿದ್ದಿದೆ. ಸುಮಾರು 105 ಭಾರತೀಯ ಕಂಪನಿಗಳು ಅದರ ತಯಾರಿಕೆಯಲ್ಲಿವೆ, ಹಸ್ತಾಂತರ 2027-28ರಲ್ಲಿ ಶುರುವಾಗಬೇಕು. ವಿಮಾನ ಯಾವ ತಿಂಗಳು ಬಂತು ಎಂದು ಸಂಸತ್ತು ಕೇಳುವಾಗ, ಆ ಕಂಪನಿಗಳಿಗೂ ಅವುಗಳ ಕೆಳಗಿನ ಶೆಡ್‌ಗಳಿಗೂ ಹಣ ಯಾವ ದಿನ ತಲುಪಿತು ಎಂಬ ಪಟ್ಟಿಯನ್ನೂ ಜೊತೆಗೇ ಕೇಳಲಿ.