‘ತೃಪ್ತಿ’ ಎಂದು ಸಹಿ ಹಾಕುವ ಮುನ್ನ...

ಟೇಲರ್ ಹೊಲಿದು ಕೊಟ್ಟ ರವಿಕೆಯ ತೋಳು ಅರ್ಧ ಇಂಚು ಬಿಗಿಯಾದರೂ ನಾವು ಸುಮ್ಮನಿರುವುದಿಲ್ಲ. ಮರುದಿನವೇ ಒಯ್ದು ಬಿಚ್ಚಿಸಿ ಮತ್ತೆ ಹೊಲಿಸುತ್ತೇವೆ. ತೊಗರಿ ಬೇಳೆ ಕೊಳ್ಳುವಾಗಲೂ ಅಷ್ಟೆ, ಒಂದು ಹಿಡಿ ಅಂಗೈಯಲ್ಲಿ ಹಾಕಿಕೊಂಡು ಹುಳ ನೋಡದೆ ಚೀಲಕ್ಕೆ ಸುರಿಯಲು ಬಿಡುವುದಿಲ್ಲ. ಆದರೆ ಲಕ್ಷಗಟ್ಟಲೆ ಬೆಲೆಯ ಕಾರು ಅಪಘಾತವಾಗಿ, ರಿಪೇರಿ ಮುಗಿಸಿಕೊಂಡು ಮನೆಗೆ ಬಂದಾಗ? ‘ಅದೆಲ್ಲ ಗಂಡಸರ ವಿಷಯ’ ಎಂದು ಅಡುಗೆಮನೆಗೆ ಹೋಗಿಬಿಡುತ್ತೇವೆ. ನಾನೂ ಹಾಗೇ ಇದ್ದೆ. ಒಂದು ಸಹಿ ನನಗೆ ಪಾಠ ಕಲಿಸಿತು!

ನಮ್ಮದು ಸೇಡಂ. ಈ ಭಾಗದ ರಸ್ತೆಗಳ ಕಥೆ ನಿಮಗೆ ಗೊತ್ತೇ ಇದೆ. ಸೇಡಂ, ವಾಡಿ ಕಡೆ ಸಿಮೆಂಟ್ ಲಾರಿಗಳು, ಶಹಾಬಾದ್, ಚಿತ್ತಾಪುರದ ಕಡೆ ಕಲ್ಲು ಹೇರಿದ ಲಾರಿಗಳು. ತೊಗರಿ ರಾಶಿ ಮುಗಿಯುವ ಡಿಸೆಂಬರ್-ಜನವರಿಯಲ್ಲಂತೂ ಚಿಂಚೋಳಿಯವರೆಗೂ ಚೀಲ ತುಂಬಿದ ಟ್ರ್ಯಾಕ್ಟರ್‌ಗಳದ್ದೇ ಸಾಲು. ಹಿಂದಿನ ದೀಪವೇ ಇಲ್ಲದ ಟ್ರಾಲಿಗಳು ಎಷ್ಟೋ! ಕಳೆದ ವರ್ಷ ಜನವರಿಯಲ್ಲಿ ಕಲಬುರಗಿಯಿಂದ ಬರುವಾಗ ಮಳಖೇಡದ ಹತ್ತಿರ ಅಂಥದೊಂದು ಟ್ರಾಲಿ ನಮ್ಮ ಕಾರಿನ ಎಡಬದಿಯನ್ನು ಉಜ್ಜಿಕೊಂಡು ಹೋಯಿತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಆದರೆ ಬಂಪರ್, ಹೆಡ್‌ಲೈಟ್, ಮುಂದಿನ ಬಾಗಿಲು ಎಲ್ಲಾ ನುಜ್ಜುಗುಜ್ಜು.

ಇನ್ಶೂರೆನ್ಸ್ ಇತ್ತು. ಕಂಪನಿಯವರು ಹೇಳಿದ ಗ್ಯಾರೇಜಿನಲ್ಲೇ ‘ಕ್ಯಾಶ್‌ಲೆಸ್’ ರಿಪೇರಿಗೆ ಬಿಟ್ಟೆವು. ಮೂರು ವಾರದ ನಂತರ ‘ಗಾಡಿ ರೆಡಿ ಅದ’ ಎಂದು ಫೋನ್ ಬಂತು. ನಮ್ಮ ಮನೆಯವರಿಗೆ ಶಿಫ್ಟ್ ಡ್ಯೂಟಿ. ಮೈದುನನನ್ನು ಕರೆದುಕೊಂಡು ನಾನೇ ಹೋದೆ. ತಲುಪುವಾಗ ಸಂಜೆ ಏಳು. ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಾರು ಮದುಮಗಳ ಹಾಗೆ ಹೊಳೆಯುತ್ತಿತ್ತು. “ಎಲ್ಲಾ ಹೊಸಾದೇ ಹಾಕೀವ್ರಿ ಮೇಡಂ, ಚಿಂತಿ ಮಾಡಬ್ಯಾಡ್ರಿ. ಇಲ್ಲೊಂದು ಸೈನ್ ಮಾಡ್ರಿ” ಎಂದರು. ಕತ್ತಲಾಗುತ್ತಿದೆ, ಮಕ್ಕಳು ಮನೆಯಲ್ಲಿ ಕಾಯುತ್ತಿವೆ... ಓದದೆ ಸಹಿ ಹಾಕಿದೆ.

ಏಪ್ರಿಲ್ ಬಿಸಿಲಿಗೆ ಬಾಗಿಲಿನ ಬಣ್ಣ ಹಪ್ಪಳದಂತೆ ಬಿರಿಯಿತು. ಸ್ಟೀರಿಂಗ್ ಸ್ವಲ್ಪ ಬಿಟ್ಟರೆ ಕಾರು ತಾನಾಗಿ ಎಡಕ್ಕೆ ಎಳೆಯುತ್ತಿತ್ತು. ಜೂನ್‌ನ ಮೊದಲ ಮಳೆಗೆ ನೀರು ಒಳಗೆ ಬಂದು ಮಗಳ ಸ್ಕೂಲ್ ಬ್ಯಾಗ್ ತೊಯ್ದು ತೊಪ್ಪೆ! ನಮ್ಮೂರಿನ ಮೆಕ್ಯಾನಿಕ್ ಬಾಗಿಲನ್ನು ಬೆರಳಿಂದ ಬಡಿದು ನೋಡಿ ಹೇಳಿದ: “ಅಕ್ಕಾ, ಇದು ಹೊಸ ಡೋರ್ ಅಲ್ರಿ. ಹಳೇದಕ್ಕೇ ಲಾಂಬಿ ತುಂಬಿ ಬಣ್ಣ ಹೊಡದಾರ.” ಬಿಲ್ಲಿನಲ್ಲಿ ಹೊಸ ಬಾಗಿಲಿನ ದುಡ್ಡು ಇತ್ತು!

ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿದರೆ ಒಂದೇ ಉತ್ತರ: “ಕೆಲಸ ತೃಪ್ತಿ ಅದ ಅಂತ ನೀವೇ ಸಹಿ ಮಾಡೀರಲ್ರಿ?” ನಾನು ಸಹಿ ಹಾಕಿದ್ದು ಅದೇ, ‘ಸ್ಯಾಟಿಸ್‌ಫ್ಯಾಕ್ಷನ್ ವೋಚರ್’ ಎಂಬ ತೃಪ್ತಿ ಪತ್ರಕ್ಕೆ.

ಪುಕ್ಕಟೆ ಏನಲ್ಲ!

“ಹೋಗ್ಲಿ ಬಿಡು, ನಮ್ಮ ರೊಕ್ಕೇನು ಹೋಗಿಲ್ಲ” ಎಂದರು ನಮ್ಮ ಮನೆಯವರು. ನಾವು ಎಡವುವುದು ಇಲ್ಲೇ. ಇನ್ಶೂರೆನ್ಸ್ ರಿಪೇರಿ ಧರ್ಮದ ಊಟವಲ್ಲ. ವರ್ಷವರ್ಷ ಪ್ರೀಮಿಯಂ ಕಟ್ಟಿದ್ದೇವೆ. ಅದರ ಮೇಲೆ ರಿಪೇರಿ ಬಿಲ್ಲಿನಲ್ಲೂ ನಮ್ಮ ಪಾಲಿರುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಶೇ. 50ರಷ್ಟು ಸವಕಳಿ ಎಂದು ಕಳೆಯುತ್ತಾರೆ. ಅಂದರೆ 6,000 ರೂಪಾಯಿಯ ಬಂಪರಿಗೆ 3,000 ನಮ್ಮ ಕೈಯಿಂದಲೇ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸು ನೋಡುತ್ತಾರೆ. ಮೂರು ವರ್ಷ ದಾಟಿ ನಾಲ್ಕರೊಳಗಿದ್ದರೆ ಶೇ. 25, ಐದು ದಾಟಿದರೆ ಶೇ. 40, ಹತ್ತು ದಾಟಿದರೆ ಶೇ. 50. ಗಾಜಿಗೆ ಮಾತ್ರ ಸವಕಳಿ ಇಲ್ಲ. ಇದರ ಮೇಲೆ 1,500 ಸಿಸಿವರೆಗಿನ ಕಾರಿಗೆ ಸಾಮಾನ್ಯವಾಗಿ 1,000 ರೂಪಾಯಿ ಕಡ್ಡಾಯ ಕಡಿತ ಬೇರೆ. ‘ಝೀರೋ ಡೆಪ್’ ಎಂಬ ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿದ್ದರೆ ಸವಕಳಿಯ ಹೊರೆ ಬಹುಪಾಲು ತಪ್ಪುತ್ತದೆ. ಆದರೆ ಅದಕ್ಕೂ ಪ್ರೀಮಿಯಂ ಜಾಸ್ತಿ. ಜೊತೆಗೆ ಒಮ್ಮೆ ಕ್ಲೇಮ್ ಮಾಡಿದರೆ ಮುಂದಿನ ವರ್ಷ ಸಿಗಬೇಕಾದ ‘ನೋ ಕ್ಲೇಮ್ ಬೋನಸ್’ ರಿಯಾಯಿತಿಯೂ ಹೋಗುತ್ತದೆ.

ಇಷ್ಟೆಲ್ಲ ಕೊಟ್ಟ ಮೇಲೂ ‘ರೊಕ್ಕ ಹೋಗಿಲ್ಲ’ ಎನ್ನಬಹುದೇ? ದುಡ್ಡಿನ ಮಾತು ಬಿಡಿ. ಆ ಬಾಗಿಲಿನ ಪಕ್ಕ ಕೂರುವುದು ನಮ್ಮ ಮಕ್ಕಳು. ಎಡಕ್ಕೆ ಎಳೆಯುವ ಕಾರನ್ನು ಸಿಮೆಂಟ್ ಲಾರಿಗಳ ನಡುವೆ ಓಡಿಸುವುದು ನಮ್ಮ ಗಂಡಂದಿರು. ಕೆಟ್ಟ ರಿಪೇರಿ ಅಂದರೆ ಅಂದ ಕೆಡುವುದಷ್ಟೇ ಅಲ್ಲ. ಅದು ಮುಂದಿನ ಅಪಘಾತಕ್ಕೆ ಆಹ್ವಾನ.

ಹಗಲಲ್ಲೇ ಹೋಗಿ

ಹಾಗಾದರೆ ಏನು ಮಾಡಬೇಕು? ಮೆಕ್ಯಾನಿಕ್ ವಿದ್ಯೆ ಬೇಕಿಲ್ಲ. ಮನೆ ನಡೆಸುವ ಹೆಣ್ಣಿನ ಕಣ್ಣು ಸಾಕು.

* ರಿಪೇರಿಗೆ ಬಿಡುವ ಮೊದಲೇ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ. ಕಂಪನಿ ಕಳಿಸುವ ಸರ್ವೇಯರ್ ಏನೇನು ಬದಲಿಸಲು, ಏನೇನು ರಿಪೇರಿ ಮಾಡಲು ಒಪ್ಪಿದ್ದಾರೆ ಎಂಬ ವರದಿಯ ಪ್ರತಿ ಕೇಳಿ. ಬಿಚ್ಚಿದ ಮೇಲೆ ಒಳಗೆ ಇನ್ನೂ ಪೆಟ್ಟು ಕಂಡರೆ ಕೆಲಸ ಮುಂದುವರಿಸುವ ಮೊದಲೇ ಸರ್ವೇಯರ್‌ಗೆ ಮತ್ತೆ ತೋರಿಸಲು ಹೇಳಿ.

* ಗಾಡಿ ತರಲು ಹಗಲಲ್ಲೇ ಹೋಗಿ. ಸೀರೆಯ ಬಣ್ಣವನ್ನು ಅಂಗಡಿಯ ಬಾಗಿಲಿಗೆ ತಂದು ಬಿಸಿಲಲ್ಲಿ ನೋಡುವುದಿಲ್ಲವೇ? ಹಾಗೇ ಹಳೆ ಬಣ್ಣ, ಹೊಸ ಬಣ್ಣ ಕೂಡಿದೆಯೇ ನೋಡಿ.

* ಬಾಗಿಲು, ಬಾನೆಟ್‌ನ ಸಂದುಗಳು ಎರಡೂ ಬದಿಗೆ ಒಂದೇ ಅಳತೆಯಲ್ಲಿರಬೇಕು. ಬಾಗಿಲು ಒಂದೇ ಸಲಕ್ಕೆ, ಒದರದೆ ಮುಚ್ಚಬೇಕು.

* ಫ್ರಿಜ್ ಮೇಲೆ ಅಂಟಿಸಿದ ಮ್ಯಾಗ್ನೆಟ್ ಪರ್ಸಿನಲ್ಲಿಟ್ಟುಕೊಳ್ಳಿ. ತೆಳು ಬಟ್ಟೆ ಸುತ್ತಿ ಬಾಗಿಲಿಗೆ ಹಿಡಿಯಿರಿ. ಬೇರೆಡೆ ಗಟ್ಟಿ ಹಿಡಿದು, ಒಂದು ಕಡೆ ಜಾರಿದರೆ ಅಲ್ಲಿ ಲಾಂಬಿ ದಪ್ಪ ತುಂಬಿದೆ ಎಂದೇ ಲೆಕ್ಕ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಅಲ್ಲಿ ಈ ಪರೀಕ್ಷೆ ನಡೆಯದು.

* ಎರಡು ಬಕೆಟ್ ನೀರು ಸುರಿಸಿ, ಒಳಗೆ ಮ್ಯಾಟ್ ಎತ್ತಿ ಕೈಯಾಡಿಸಿ.

* ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತದಿದ್ದರೂ ತಪ್ಪು, ಆರದಿದ್ದರೂ ತಪ್ಪು.

* ನೇರ ರಸ್ತೆಯಲ್ಲಿ ಓಡಿಸಿ ನೋಡಿ. ಎಳೆದರೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ. ಆಗಲೂ ಸರಿಹೋಗದಿದ್ದರೆ ಒಳಗಿನ ಪೆಟ್ಟು ಹಾಗೇ ಉಳಿದಿರಬಹುದು, ಗಾಡಿ ವಾಪಸ್ ಬಿಡಿ.

* ಬದಲಿಸಿದ ಹಳೆ ಭಾಗಗಳನ್ನು ತೋರಿಸಲು ಹೇಳಿ. ಅವನ್ನು ಇಟ್ಟುಕೊಳ್ಳುವ ಹಕ್ಕು ಕಂಪನಿಗಿರಬಹುದು, ನೋಡುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಇದೆಲ್ಲ ಆದ ಮೇಲೆ ಪೆನ್ನು ಹಿಡಿಯಿರಿ. ಸಮಾಧಾನವಿಲ್ಲದಿದ್ದರೆ ಸಹಿಯ ಮೇಲೆಯೇ ‘ಬಾಗಿಲಿನ ಕೆಲಸ ಸರಿಯಾಗಿಲ್ಲ’ ಎಂದು ಕನ್ನಡದಲ್ಲೇ ಬರೆಯಿರಿ. ಆ ಕಾಗದದ ಫೋಟೋ ತೆಗೆದುಕೊಳ್ಳುವುದನ್ನು ಮರೆಯಬೇಡಿ.

ಸಹಿ ಹಾಕಿಯೇ ಬಿಟ್ಟಿದ್ದರೆ?

ನನ್ನಂತೆ ಸಹಿ ಹಾಕಿದವರೂ ಕೈಚೆಲ್ಲಿ ಕೂರಬೇಕಿಲ್ಲ. ಹೊರಗೆ ಕಾಣುವುದಕ್ಕೆ ಸಹಿ ಹಾಕಿದ್ದೇವೆ, ಬಣ್ಣದ ಒಳಗೆ ಮುಚ್ಚಿಟ್ಟಿದ್ದಕ್ಕಲ್ಲ. ಫೋನಿನ ಜಗಳ ಮಾತ್ರ ಬೇಡ, ಬರೆದು ಕೊಡಿ. ನಾನು ಬಿಲ್ಲು, ಸರ್ವೇಯರ್ ವರದಿ ಎರಡನ್ನೂ ಪಕ್ಕ ಪಕ್ಕ ಇಟ್ಟು, ಬಿರಿದ ಬಣ್ಣದ ಫೋಟೋ ಹಚ್ಚಿ, ಗ್ಯಾರೇಜಿಗೂ ಕಂಪನಿಯ ದೂರು ಅಧಿಕಾರಿಗೂ ಪತ್ರ ಕಳಿಸಿದೆ. ಗಾಡಿಯನ್ನು ಮತ್ತೆ ಪರೀಕ್ಷಿಸಿ ಎಂದು ಕೇಳಿದೆ.

ಕಂಪನಿಯವರು ಕಿವಿಗೊಡದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ 155255 ನಂಬರಿಗೆ ಉಚಿತವಾಗಿ ಫೋನ್ ಮಾಡಬಹುದು, ಅವರ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಕ್ಲೇಮಿನ ಹಣದಲ್ಲಿ ತಕರಾರಿದ್ದರೆ, ಕಂಪನಿಗೆ ಬರೆದು ಒಂದು ತಿಂಗಳಾದರೂ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಲೋಕಪಾಲರಿಗೆ ಒಂದು ವರ್ಷದೊಳಗೆ ಬರೆಯಿರಿ. ಫೀಸಿಲ್ಲ, ವಕೀಲರೂ ಬೇಡ. ‘ಸರ್ವೇಯರ್ ಬರೆದದ್ದೇ ಕೊನೆ’ ಎಂದರೆ ನಂಬಬೇಡಿ. ಸರ್ವೇಯರ್ ವರದಿಯೇ ಅಂತಿಮವಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ.

ಕೆಲಸವೇ ಕೆಟ್ಟಿದ್ದರೆ, ಬಿಲ್ಲಿನಲ್ಲಿ ಮೋಸವಿದ್ದರೆ ಗ್ರಾಹಕ ಆಯೋಗವಿದೆ. 2020ರ ಜುಲೈನಿಂದ ಜಾರಿಯಾದ ಹೊಸ ಗ್ರಾಹಕ ಕಾನೂನಿನಲ್ಲಿ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗ್ಯಾರೇಜು ಹೈದರಾಬಾದಿನದ್ದಾದರೂ ಕಲಬುರಗಿಯ ಜಿಲ್ಲಾ ಆಯೋಗಕ್ಕೇ ಹೋಗಬಹುದು! ಎರಡು ವರ್ಷದೊಳಗೆ ದೂರು ಕೊಡಬೇಕು. ನಾವು ಕೊಟ್ಟ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಶಹಾಬಾದ್, ವಾಡಿ, ಚಿತ್ತಾಪುರದವರು ರೈಲು ಹತ್ತಿದರೆ ಆಯಿತು. ಚಿಂಚೋಳಿಯವರಿಗೆ ಬಸ್ಸೇ ಗತಿ. ಅಷ್ಟು ದೂರ ಯಾಕೆ ಎನ್ನುವವರು ‘ಇ-ಜಾಗೃತಿ’ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು. ಸಲಹೆ ಬೇಕಿದ್ದರೆ ಗ್ರಾಹಕ ಸಹಾಯವಾಣಿ 1915.

ನಮ್ಮ ವಿಷಯ ಆಯೋಗದವರೆಗೆ ಹೋಗಲಿಲ್ಲ. ಎರಡನೇ ಪತ್ರದ ನಂತರ ಸರ್ವೇಯರ್ ಮತ್ತೆ ಬಂದರು, ಆಗಸ್ಟಿನಲ್ಲಿ ಹೊಸ ಬಾಗಿಲು ಬಂತು, ಕಾರು ನೇರ ಓಡತೊಡಗಿತು. ಆದರೆ ಅಷ್ಟರಲ್ಲಿ ಕಲಬುರಗಿಗೆ ಎಷ್ಟು ಸಲ ಓಡಾಡಿದೆವೋ! ಅಂದು ಹಗಲಲ್ಲಿ ಹೋಗಿ, ಹತ್ತು ನಿಮಿಷ ಸುತ್ತಾಡಿ ನೋಡಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ಗೆಳತಿಯರೇ, ಗ್ಯಾರೇಜಿನಲ್ಲಿ ನಮ್ಮನ್ನು ಕಂಡರೆ ‘ಮೇಡಂಗೆ ಏನು ಗೊತ್ತಾಗ್ತದ’ ಎಂಬ ನಗು ಇರುತ್ತದೆ. ಇರಲಿ. ಪರ್ಸಿನಿಂದ ಮ್ಯಾಗ್ನೆಟ್ ತೆಗೆಯಿರಿ, ನಗು ತಾನಾಗಿ ನಿಲ್ಲುತ್ತದೆ. ‘ತೃಪ್ತಿ’ ನಮ್ಮದು. ನಮಗೆ ಆಗುವವರೆಗೆ ಆಯಿತೆಂದು ಬರೆದುಕೊಡುವುದು ಬೇಡ. ಏನಂತೀರಿ?