ದೀಪ ಆರುವ ತನಕ

ನಮ್ಮ ಹಿರಿಯರು ಮನೆಯಿಂದ ಹೊರಡುವಾಗ "ಹೋಗುತ್ತೇನೆ" ಎಂದವರಲ್ಲ. "ಹೋಗಿ ಬರುತ್ತೇನೆ" ಎಂದವರು. ಆರಿಸೆಂಬ ಮಾತು ಬಾಯಲ್ಲಿ ಬರಬಾರದೆಂದು "ದೀಪ ದೊಡ್ಡದು ಮಾಡು" ಎನ್ನುತ್ತಿದ್ದರು. ಈ ನುಡಿಗಟ್ಟುಗಳನ್ನು ತರಗತಿಯಲ್ಲಿ ವಿವರಿಸುವಾಗ, ಮುಗಿಸುವ ಕೆಲಸಕ್ಕೂ ನಮ್ಮ ಭಾಷೆಯಲ್ಲಿ ಒಂದು ಮರ್ಯಾದೆ ಉಂಟೆಂದು ನಾನು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ. ಹಾಗೆ ಹೇಳುವವನು ತನ್ನ ಮನೆಯಲ್ಲಿ ಹೇಗೆ ನಡೆದುಕೊಂಡನೆಂಬುದನ್ನು ಈ ವಾರ ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಬೇಸಿಗೆಯ ರಜೆಗೆಂದು ಅಕ್ಕನ ಮಗ ಬೆಂಗಳೂರಿನಿಂದ ಮೈಸೂರಿಗೆ, ನಮ್ಮ ಮನೆಗೆ ಬಂದಿದ್ದ. ಎಂಟನೆಯ ತರಗತಿ ಮುಗಿಸಿದ ಹುಡುಗ. ನಾಲ್ಕು ಜೊತೆ ಬಟ್ಟೆ, ಆ ಬಟ್ಟೆಗಳ ನಡುವೆ ಹಸುಗೂಸಿನಂತೆ ಸುತ್ತಿಟ್ಟುಕೊಂಡ ಒಂದು ಕಪ್ಪು ಪೆಟ್ಟಿಗೆ, ಇಷ್ಟೇ ಅವನ ಸಾಮಾನು. ಸೋನಿ ಸಂಸ್ಥೆಯವರು 2013ರಲ್ಲಿ ಹೊರತಂದ ಪ್ಲೇಸ್ಟೇಷನ್ 4 ಎಂಬ ಆಟದ ಯಂತ್ರವದು. ಅದನ್ನು ನಮ್ಮ ಟಿ.ವಿ.ಗೆ ಸೇರಿಸಿ ದಿನವೂ ಎರಡು ಗಂಟೆ ಕುಳಿತುಕೊಳ್ಳುವುದಕ್ಕೆ ಅಕ್ಕನ ಅಪ್ಪಣೆಯಾಗಿತ್ತು. ಗುಂಡು ಹಾರಿಸುವ ಆಟವಿರಬೇಕೆಂದು ಮೊದಲೆರಡು ದಿನ ನಾನು ಹುಬ್ಬು ಗಂಟಿಕ್ಕಿದ್ದುಂಟು. ಮೂರನೆಯ ದಿನ ಹತ್ತಿರ ಹೋಗಿ ನೋಡಿದೆ. ಮೈನ್‌ಕ್ರಾಫ್ಟ್ ಎಂಬ ಆಟ. ಚೌಕಚೌಕವಾದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ ಮನಬಂದುದನ್ನು ಕಟ್ಟಬಹುದು. ಹುಡುಗ ಕಟ್ಟುತ್ತಿದ್ದುದು ನಮ್ಮ ಊರಿನ ತೊಟ್ಟಿಮನೆಯನ್ನು.

ಆ ಮನೆ ಈಗ ಇಲ್ಲ. ತಂದೆಯವರು ತೀರಿಕೊಂಡ ಮೇಲೆ ನೋಡಿಕೊಳ್ಳುವವರಿಲ್ಲದೆ 2019ರಲ್ಲಿ ಮಾರಿದೆವು, ಕೊಂಡವರು ಕೆಡವಿದರು. ಆಗ ಆರೇಳು ವರ್ಷದವನಾಗಿದ್ದ ಇವನು ಜಗಲಿ, ನಡುಮನೆ, ತೊಟ್ಟಿ, ಹಿತ್ತಿಲ ಬಾವಿ ಎಲ್ಲವನ್ನೂ ನೆನಪಿನಿಂದ ತೆಗೆದು ಮೂರು ತಿಂಗಳು ಕೂತು ಪರದೆಯ ಮೇಲೆ ನಿಲ್ಲಿಸಿದ್ದ. ತಾತನ ಆರಾಮಕುರ್ಚಿಗಾಗಿ ನಡುಮನೆಯಲ್ಲಿ ಜಾಗ ಬಿಟ್ಟಿದ್ದ. ನಾನು ಮಾತಾಡದೆ ಬಹಳ ಹೊತ್ತು ನೋಡಿದೆ.

ಮೊನ್ನೆ ಸಂಜೆ ಮೋಡ ಕವಿದು ಗುಡುಗತೊಡಗಿತು. "ಮಹಡಿಯ ಮೇಲೆ ಬಟ್ಟೆ ಒಣಗಿ ಹಾಕಿದೆ" ಎಂದು ನಮ್ಮ ತಾಯಿ ಕೂಗಿದ ಕೂಡಲೇ ಹುಡುಗ ಆಟವನ್ನು ಹಾಗೆಯೇ ಬಿಟ್ಟು ಮೇಲಕ್ಕೆ ಓಡಿದ. "ಸಿಡಿಲು ಹೊಡೆಯುವ ಹಾಗಿದೆ, ಆ ಟಿ.ವಿ. ಆರಿಸೋ" ಎಂದು ನನಗೂ ಅಪ್ಪಣೆಯಾಯಿತು. ನಾನು ವಿಧೇಯ ಪುತ್ರ. ಗೋಡೆಯ ಸ್ವಿಚ್ಚನ್ನು ಒತ್ತಿ ಪ್ಲಗ್ಗನ್ನು ಕಿತ್ತೆ.

ನನ್ನನ್ನು ಪೂರ್ತಿ ದೂಷಿಸುವ ಮುನ್ನ ನಮ್ಮ ತಲೆಮಾರಿನ ಅಭ್ಯಾಸವನ್ನೂ ಗಮನಿಸಬೇಕು. ನಾವು ಹುಡುಗರಾಗಿದ್ದಾಗ ಆಡಿದ್ದು ಕ್ಯಾಸೆಟ್ಟಿನ ವಿಡಿಯೋ ಗೇಮು. ಅದರಲ್ಲಿ ಆಡಿದ್ದೆಲ್ಲ ಅಂದಂದಿಗೆ. ಮಾರನೆಯ ದಿನ ಮತ್ತೆ ಮೊದಲಿನಿಂದ. ಉಳಿಸಿಕೊಳ್ಳುವುದೇ ಇಲ್ಲವೆಂದ ಮೇಲೆ ಕಳೆದುಕೊಳ್ಳುವ ಮಾತೆಲ್ಲಿ? ತಾಯಿ ಸ್ವಿಚ್ಚು ಆರಿಸಿದರೂ ಒಂದೇ, ಕರೆಂಟು ಹೋದರೂ ಒಂದೇ.

ಹುಡುಗ ಬಟ್ಟೆಯ ರಾಶಿಯೊಡನೆ ಇಳಿದು ಬಂದವನು ಕಪ್ಪು ಪರದೆಯನ್ನೂ ನನ್ನ ಕೈಯಲ್ಲಿದ್ದ ಪ್ಲಗ್ಗನ್ನೂ ನೋಡಿದ. ಆ ಮುಖವನ್ನು ನಾನು ಮರೆಯಲಾರೆ. "ಮಾವ, ಅದು ಬರೆದುಕೊಳ್ತಾ ಇತ್ತಲ್ಲ!" ಎಂದ. ಮೂಲೆಯಲ್ಲಿ ಸಣ್ಣ ಗುರುತೊಂದು ಕುಣಿಯುತ್ತಿದ್ದುದನ್ನು ನಾನೂ ಕಂಡಿದ್ದೆ; ಅಲಂಕಾರವೆಂದು ಭಾವಿಸಿದ್ದೆ.

ಮಳೆ ನಿಂತ ಮೇಲೆ ಯಂತ್ರವನ್ನು ಹಚ್ಚಿದೆವು. ಸರಿಯಾದ ರೀತಿಯಲ್ಲಿ ತನ್ನನ್ನು ಆರಿಸಿಲ್ಲವೆಂದು ಅದು ಮೊದಲು ಆಕ್ಷೇಪಿಸಿತು. ಬಳಿಕ ತನ್ನ ಉಗ್ರಾಣವನ್ನು ತಾನೇ ತಪಾಸಣೆ ಮಾಡಿಕೊಂಡಿತು. ಯಂತ್ರಕ್ಕೇನೂ ಆಗಿರಲಿಲ್ಲ. ತೊಟ್ಟಿಮನೆ ಮಾತ್ರ ತೆರೆಯಲಿಲ್ಲ. ದಾಖಲೆ ಕೆಟ್ಟಿದೆ ಎಂಬ ಒಂದು ಸಾಲು ಬಂತು, ಅಷ್ಟೇ.

ಹೀಗೇಕಾಯಿತೆಂದು ಆ ರಾತ್ರಿ ಕುಳಿತು ಓದಿದೆ. ಉತ್ತರ ಪತ್ರಿಕೆಗಳ ಮೌಲ್ಯಮಾಪನ ಮಾಡಿದವರಿಗೆ ಇದು ಬಲುಬೇಗ ಅರ್ಥವಾದೀತು. ಒಳಪುಟಗಳಲ್ಲಿ ಒಂದೊಂದು ಉತ್ತರಕ್ಕೂ ಅಂಕ ಹಾಕಿದ್ದೇವೆ. ಮುಖಪುಟಕ್ಕೆ ಮೊತ್ತ ಏರಿಸುವಷ್ಟರಲ್ಲಿ ಯಾರೋ ಪತ್ರಿಕೆಯನ್ನು ಕಿತ್ತುಕೊಂಡು ಹೋದರೆನ್ನಿ. ಹುಡುಗ ಬರೆದದ್ದೂ ಒಳಗಿದೆ, ನಾವು ಕೊಟ್ಟದ್ದೂ ಒಳಗಿದೆ. ಮುಖಪುಟವನ್ನು ಮಾತ್ರ ನೋಡುವ ಗುಮಾಸ್ತೆಗೆ ಅವನ ಅಂಕ ಸೊನ್ನೆ. ಯಂತ್ರದೊಳಗಿನ ಹಾರ್ಡ್ ಡಿಸ್ಕಿನಲ್ಲಿಯೂ ಹೀಗೆಯೇ. ಆಟದ ಸ್ಥಿತಿಯನ್ನು ಬರೆಯುವುದು ಒಂದು ಕೆಲಸ, ಬರೆದದ್ದು ಎಲ್ಲಿದೆಯೆಂದು ಸೂಚಿಯಲ್ಲಿ ನಮೂದಿಸುವುದು ಇನ್ನೊಂದು. ನಡುವೆ ವಿದ್ಯುತ್ತು ತಪ್ಪಿದರೆ ಹಳೆಯದೂ ಉಳಿಯದೆ ಹೊಸದೂ ಪೂರ್ತಿಯಾಗದೆ ಹೋಗುವುದುಂಟು.

ಈ ತೊಡಕು ಇಂದಿನದಲ್ಲ. 1987ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ನಿಂಟೆಂಡೊ ಸಂಸ್ಥೆಯ 'ದಿ ಲೆಜೆಂಡ್ ಆಫ್ ಜೆಲ್ಡಾ' ಆಟದ ಕ್ಯಾಸೆಟ್ಟಿನೊಳಗೆ ಪುಟ್ಟದೊಂದು ಬ್ಯಾಟರಿ ಇತ್ತು. ಆಡಿದವನ ಪ್ರಗತಿಯನ್ನು ಅದು ಕಾಯುತ್ತಿತ್ತು. ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಯಂತ್ರವನ್ನು ಆರಿಸಬೇಕೆಂದು ಆಟವೇ ಪರದೆಯ ಮೇಲೆ ಹೇಳುತ್ತಿತ್ತು. ಮಕ್ಕಳು ಮಂತ್ರವೆಂಬಂತೆ ಪಾಲಿಸಿರಬೇಕು. ಆದರೆ ಅದರಲ್ಲಿ ಅರ್ಥವಿತ್ತು. ವಿದ್ಯುತ್ತು ಇಳಿಯುತ್ತಿರುವ ಆ ಕೊನೆಯ ಕ್ಷಣದಲ್ಲಿ ಯಂತ್ರದ ಮಿದುಳು ಸನ್ನಿಹಿಡಿದವರಂತೆ ಏನನ್ನಾದರೂ ಬರೆದುಬಿಡಬಹುದು. ರೀಸೆಟ್ ಹಿಡಿದರೆ ಅದರ ಕೈ ಕಟ್ಟಿದಂತೆ.

ಈಗಿನ ಯಂತ್ರಕ್ಕೆ ಅಷ್ಟು ಕಷ್ಟವಿಲ್ಲ. ಮೊದಲು ಆಟದೊಳಗೇ ಉಳಿಸಿ ಹೊರಬರಬೇಕು. ಕೈಯಲ್ಲಿರುವ ನಿಯಂತ್ರಕದ ನಡುವಿನ ಪಿಎಸ್ ಗುಂಡಿಯನ್ನು ಒತ್ತಿ ಹಿಡಿದರೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಪವರ್ ಎಂಬುದಕ್ಕೆ ಹೋಗಿ ಆರಿಸುವಂತೆ ಹೇಳಬೇಕು. ಮುಂದೆ ಮಾಡಬೇಕಾದದ್ದು ನಮ್ಮಂಥವರಿಗೆ ಅತಿ ಕಠಿನ: ಏನೂ ಮಾಡದೆ ಕಾಯಬೇಕು. ಯಂತ್ರದ ಮೇಲಿನ ಬಿಳಿಯ ದೀಪ ಮಿನುಗುತ್ತಿರುವಷ್ಟು ಕಾಲವೂ ಒಳಗೆ ಲೆಕ್ಕ ಮುಗಿದಿಲ್ಲವೆಂದೇ ಅರ್ಥ. ಅದು ಪೂರ್ತಿ ನಂದಿದ ಮೇಲೆ ಸ್ವಿಚ್ಚು, ಆಮೇಲೆ ಪ್ಲಗ್ಗು. ಸಿಡಿಲಿನ ಭಯಕ್ಕೆ ಪ್ಲಗ್ಗು ಕೀಳಬೇಕೆಂಬ ನಮ್ಮ ತಾಯಿಯವರ ಮಾತು ಸರಿಯೇ. ಆ ಒಂದು ನಿಮಿಷವನ್ನು ನಾನು ಕೊಡಲಿಲ್ಲ.

ಕಿತ್ತಳೆ ಬಣ್ಣದ ದೀಪ ಉರಿಯುತ್ತಿದ್ದರೆ ಮೋಸಹೋಗಬಾರದು. ಅದು ರೆಸ್ಟ್ ಮೋಡ್ ಎಂಬ ಕೋಳಿನಿದ್ದೆ. ಪರದೆ ಕಪ್ಪಾಗಿದ್ದರೂ ಯಂತ್ರ ಎಚ್ಚರವಾಗಿಯೇ ಇದ್ದು ಒಳಗೊಳಗೆ ಕೆಲಸ ನಡೆಸುತ್ತಿರುತ್ತದೆ. ಯಂತ್ರದ ಮೈಮೇಲಿನ ಗುಂಡಿಯನ್ನು ತುಸು ಒತ್ತಿದರೆ ಒಂದು ಬೀಪ್ ಕೇಳಿಸಿ ಈ ಸ್ಥಿತಿಗೆ ಹೋಗುತ್ತದೆ. ಏಳು ಸೆಕೆಂಡಿನಷ್ಟು ಹಿಡಿದರೆ ಎರಡನೆಯ ಬೀಪ್ ಕೇಳಿಸಿ ಪೂರ್ತಿ ಆರುತ್ತದೆ. ನಿಯಂತ್ರಕಕ್ಕೆ ಓಗೊಡದೆ ಯಂತ್ರ ಮೊಂಡುಬಿದ್ದಾಗ ಈ ಎರಡನೆಯ ದಾರಿ. ಮೈಕ್ರೋಸಾಫ್ಟ್‌ನವರ ಎಕ್ಸ್‌ಬಾಕ್ಸ್ ಒನ್ ಆದರೆ ಮುಂಭಾಗದ ಗುಂಡಿಯನ್ನು ಹತ್ತು ಸೆಕೆಂಡು ಹಿಡಿಯಬೇಕು. ಪ್ಲಗ್ಗಿಗೆ ಕೈಹಾಕುವುದು ಎಲ್ಲಕ್ಕೂ ಕಡೆಯದು. ಕರೆಂಟು ತಾನಾಗಿ ಹೋಗುವುದನ್ನು ನಾವು ತಡೆಯಲಾರೆವಾದರೂ, ಕಂಪ್ಯೂಟರಿಗೆ ಇಡುವಂಥ ಸಣ್ಣ ಯು.ಪಿ.ಎಸ್. ಒಂದಿದ್ದರೆ ಕ್ರಮವಾಗಿ ಆರಿಸುವಷ್ಟು ಬಿಡುವು ದೊರೆಯುತ್ತದೆ.

ಡಿಸ್ಕಿನ ವಿಷಯದಲ್ಲಿ ನನ್ನ ಅಪರಾಧ ಇನ್ನೊಂದಿದೆ. ಪ್ಲಗ್ಗು ಕಿತ್ತ ಪಶ್ಚಾತ್ತಾಪದಲ್ಲಿ, ಒಳಗೆ ಸಿಕ್ಕಿಕೊಂಡ ಡಿಸ್ಕನ್ನಾದರೂ ಉಳಿಸಿಕೊಡೋಣವೆಂದು ಅಡಿಗೆಮನೆಯಿಂದ ಇಕ್ಕಳ ತಂದೆ. ಹುಡುಗ ಆಗ ನಿಜವಾಗಿಯೂ ಕಿರಿಚಿದ. ಆ ಸೀಳುಬಾಯಿಯೊಳಗೆ ಡಿಸ್ಕನ್ನು ನುಂಗುವ, ಹೊರತಳ್ಳುವ ಉರುಳೆಗಳಿವೆ. ಅವುಗಳಿಗೆ ಎದುರಾಗಿ ಎಳೆದರೆ ಎರಡೂ ಹಾಳು. ಆಟವನ್ನು ಮುಚ್ಚಿ ಹೊರತೆಗೆಯುವ ಗುಂಡಿಯನ್ನು ಒತ್ತಿದರೆ ಯಂತ್ರ ಡಿಸ್ಕಿನ ಸುತ್ತಾಟವನ್ನು ನಿಲ್ಲಿಸಿ ತಾನೇ ಅರ್ಧ ಹೊರಗೆ ನೀಡುತ್ತದೆ. ಹಾಗೂ ಬಾರದಿದ್ದಲ್ಲಿ, ಯಂತ್ರವನ್ನು ಆರಿಸಿ ಪ್ಲಗ್ಗು ಕಿತ್ತ ಮೇಲೆ ತಿರುಪುಳಿಯಿಂದ ತಿರುಗಿಸಿ ತೆಗೆಯುವ ಒಂದು ತಿರುಪನ್ನು ಈ ಯಂತ್ರದಲ್ಲಿ ಇರಿಸಿದ್ದಾರೆ. ಅದರ ಸ್ಥಳ ಮಾದರಿಯಿಂದ ಮಾದರಿಗೆ ಬೇರೆಯಾದುದರಿಂದ ಕೈಪಿಡಿ ನೋಡಬೇಕು.

ಡಿಸ್ಕು ಸುತ್ತುತ್ತಿರುವಾಗ ಯಂತ್ರವನ್ನು ಅಲುಗಾಡಿಸಬಾರದೆಂಬುದು ಇನ್ನೊಂದು ನಿಯಮ. 2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360ರಲ್ಲಿ ಡಿಸ್ಕುಗಳ ಮೇಲೆ ಗೀರು ಬೀಳುತ್ತವೆಂದು ಕೊಂಡವರು ಹೂಡಿದ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ 2017ರಲ್ಲಿ ತೀರ್ಪಾಯಿತು. ತೀರ್ಪು ಬಂದದ್ದು ಗೀರಿನ ಮೇಲಲ್ಲ, ಮೇಲ್ಮನವಿಯ ಕ್ರಮದ ಮೇಲೆ! ನ್ಯಾಯಾಲಯಗಳ ದಾರಿ ಎಲ್ಲ ದೇಶದಲ್ಲಿಯೂ ಒಂದೇ.

ಪ್ಲೇಸ್ಟೇಷನ್ನಿನ ಡಿಸ್ಕು ಬ್ಲೂ-ರೇ ಜಾತಿಯದು. 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪ. ಒಂದು ಪದರದಲ್ಲಿ 25 ಗಿಗಾಬೈಟ್ ಹಿಡಿಸುತ್ತದೆ. ಡಿ.ವಿ.ಡಿ.ಯಲ್ಲಿ ಬರಹ 0.6 ಮಿಲಿಮೀಟರ್ ಒಳಗಿದ್ದರೆ ಇದರಲ್ಲಿ ಕೇವಲ 0.1 ಮಿಲಿಮೀಟರ್ ಒಳಗೆ. ಅದಕ್ಕೆಂದೇ ಮೇಲೊಂದು ಗಡಸು ಲೇಪವಿದೆ. ಆದರೂ ಅಂಚನ್ನೂ ನಡುವಿನ ತೂತನ್ನೂ ಹಿಡಿದು ತೆಗೆಯಬೇಕು. ಒರೆಸುವುದಾದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ತಟ್ಟೆ ಒರೆಸಿದಂತೆ ಸುತ್ತಬಾರದು. ಇದನ್ನೆಲ್ಲ ಹುಡುಗ ನನಗೆ ಕಲಿಸಿದ. ನಾನು ಕೈಕಟ್ಟಿ ಕಲಿತೆ.

ಮಾರನೆಯ ಬೆಳಗ್ಗೆ ಅಕ್ಕನಿಗೆ ಫೋನು ಮಾಡಿದಾಗ, ಭಾವನವರು ಎರಡು ತಿಂಗಳ ಹಿಂದೆ ಪೆನ್ ಡ್ರೈವಿಗೆ ಒಂದು ನಕಲು ತೆಗೆದಿಟ್ಟಿದ್ದರೆಂದು ತಿಳಿಯಿತು. ಮುಂದಿನ ಶನಿವಾರ ಅದು ಬಂತು. ಅದರಲ್ಲಿ ಇದ್ದದ್ದು ಜಗಲಿಯವರೆಗೆ ಮಾತ್ರ.

ಈಗ ಸಂಜೆಯ ಹೊತ್ತು ನಾವು ಮೂವರೂ ಟಿ.ವಿ.ಯ ಮುಂದೆ ಕೂರುತ್ತೇವೆ. ತೊಟ್ಟಿಗೆ ಎಷ್ಟು ಕಂಬವಿತ್ತೆಂದು ನಿನ್ನೆ ಪ್ರಶ್ನೆ ಎದ್ದಿತು. ಮೊದಲ ಸಲ ಅವನು ಆರು ಕಂಬ ನಿಲ್ಲಿಸಿದ್ದನಂತೆ. ನಮ್ಮ ತಾಯಿ ಎಂಟೆಂದರು. ಒಂದು ಕಂಬದ ಮೇಲೆ ತಂದೆಯವರು ಪ್ರತಿ ಯುಗಾದಿಗೂ ನನ್ನ ಮತ್ತು ಅಕ್ಕನ ಎತ್ತರವನ್ನು ಚಾಕುವಿನಿಂದ ಗುರುತುಮಾಡುತ್ತಿದ್ದುದು ನನಗೆ ಆಗ ನೆನಪಾಯಿತು. "ಯಾವ ಕಂಬ ಮಾವ?" ಎಂದು ಹುಡುಗ ತಿರುಗಿದ. ನಡುಮನೆಯಿಂದ ಇಳಿದರೆ ಎಡಗೈಗೆ ಸಿಗುತ್ತಿದ್ದುದು ಎಂದೆ. ಬಲಗೈಗೆ ಎಂದರು ತಾಯಿ. ಅವನು ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು, ಉಳಿಸಿ, ಆಟದಿಂದ ಹೊರಬಂದು, ಯಂತ್ರಕ್ಕೆ ಆರುವಂತೆ ಹೇಳಿದ. ಬಿಳಿಯ ದೀಪ ಮಿನುಗತೊಡಗಿತು. ಸ್ವಿಚ್ಚಿನ ಬಳಿ ಕುಳಿತಿದ್ದ ನಾನು ಕೈಯನ್ನು ಮಡಿಲಲ್ಲಿಟ್ಟುಕೊಂಡೆ.