ಸ್ಟೆಪ್ ಹೆಸರು ಎಲ್ಲಿ?

ಸಂಗೀತ ರಚನಕಾರ ಆರನ್ ಕೋಪ್ಲಂಡ್ ಅಮೆರಿಕದ ಹಳ್ಳಿಗಾಡಿನ ಆತ್ಮವನ್ನೇ ವಾದ್ಯವೃಂದಕ್ಕೆ ಇಳಿಸಿದನೆಂದು ನಮ್ಮ ಸಹಪತ್ರಿಕೆಯೊಂದು ಕೊಂಡಾಡಿದೆ. ಆ ಲೇಖನದಲ್ಲಿ ವಿಲಿಯಂ ಹ್ಯಾಮಿಲ್ಟನ್ ಸ್ಟೆಪ್ ಎಂಬ ಹೆಸರೇ ಇಲ್ಲ. ಯಾವುದೋ ಜನಪದ ಮಟ್ಟು ಎಂದು ಅರ್ಧ ವಾಕ್ಯ ಬರೆದು ಆ ಮನುಷ್ಯನ ಲೆಕ್ಕ ಚುಕ್ತಾ ಮಾಡಿದ್ದಾರೆ.

1937ರ ಅಕ್ಟೋಬರಿನಲ್ಲಿ ಅಲನ್ ಮತ್ತು ಎಲಿಜಬೆತ್ ಲೋಮ್ಯಾಕ್ಸ್ ದಂಪತಿ ಕೆಂಟಕಿಯ ಸಾಲಿಯರ್ಸ್‌ವಿಲ್‌ನಲ್ಲಿ, ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ, ಸ್ಟೆಪ್‌ನ ಪಿಟೀಲಿನಲ್ಲಿ 'ಬೋನಾಪಾರ್ಟ್ಸ್ ರಿಟ್ರೀಟ್' ಧ್ವನಿಮುದ್ರಿಸಿಕೊಂಡರು. ಮಟ್ಟು ಹಳೆಯದು, ಒಪ್ಪಿದೆ. ನೆಪೋಲಿಯನ್ನನ ಹೆಸರು ಹೊತ್ತ ಮಟ್ಟುಗಳು ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲೂ ಬೇಕಾದಷ್ಟಿವೆ. (ಮಾಸ್ಕೋದಿಂದ ಸೇನೆ ಹಿಮ್ಮೆಟ್ಟುವಾಗಲೇ ಇದು ಹುಟ್ಟಿತೆಂಬುದು ಬರೀ ಕಟ್ಟುಕಥೆ.) ಜಾರ್ಜಿಯಾದ ಎ. ಎ. ಗ್ರೇ 1924ರಲ್ಲೇ ಓಕೆ ಧ್ವನಿಮುದ್ರಿಕೆ ಕಂಪನಿಗೆ ಇದನ್ನು ನುಡಿಸಿಕೊಟ್ಟಿದ್ದ. ಆದರೆ ಸಾಮಾನ್ಯವಾಗಿ ಇದನ್ನು ನುಡಿಸುತ್ತಿದ್ದದ್ದು ಸೈನ್ಯದ ನಿಧಾನ ನಡಿಗೆಯಾಗಿ: ಮಂದ್ರದ ತಂತಿಯನ್ನು ಇಳಿಸಿ, ಅದು ಒಂದೇ ಸಮನೆ ಗುಂಯ್‌ಗುಟ್ಟುವಂತೆ ಬಿಟ್ಟು, ಬ್ಯಾಗ್‌ಪೈಪಿನ ಭ್ರಮೆ ಹುಟ್ಟಿಸುವುದು ವಾಡಿಕೆ. ಸ್ಟೆಪ್ ಆ ಗುಂಗನ್ನು ಇಟ್ಟುಕೊಂಡ, ನಡಿಗೆಯನ್ನು ಬಿಟ್ಟ. ಸೋತ ಸೈನ್ಯದ ಮಟ್ಟನ್ನು ಕುಣಿತದ ವೇಗಕ್ಕೆ ಏರಿಸಿದ. ಆ ವೇಗ ಯಾವ ಜನಸಮುದಾಯದ್ದೂ ಅಲ್ಲ, ಅವನೊಬ್ಬನದು.

ಆ ಡಿಸ್ಕನ್ನು ಕೇಳಿ ಸ್ವರಲಿಪಿ ಬರೆದವಳು ರೂತ್ ಕ್ರಾಫರ್ಡ್ ಸೀಗರ್. ತಾನೇ ಸಂಗೀತ ರಚಿಸುತ್ತಿದ್ದ ಈ ಹೆಂಗಸನ್ನೂ ಯಾರೂ ನೆನೆಯುವುದಿಲ್ಲ. 1941ರಲ್ಲಿ ಲೋಮ್ಯಾಕ್ಸರ 'ಅವರ್ ಸಿಂಗಿಂಗ್ ಕಂಟ್ರಿ'ಯಲ್ಲಿ ಅದು ಅಚ್ಚಾಯಿತು. ಮರುವರ್ಷವೇ ಕೋಪ್ಲಂಡ್‌ನ 'ರೋಡಿಯೊ' ಬ್ಯಾಲೆಯ 'ಹೋ-ಡೌನ್' ಭಾಗದಲ್ಲಿ ಹೆಚ್ಚುಕಡಿಮೆ ಸ್ವರಕ್ಕೆ ಸ್ವರ ಅದೇ ಕೇಳಿಸಿತು. ಮುಂದೆ 1972ರಲ್ಲಿ ಎಮರ್ಸನ್, ಲೇಕ್ ಆಂಡ್ ಪಾಮರ್ ರಾಕ್ ತಂಡದವರು 'ಹೋ-ಡೌನ್' ನುಡಿಸಿದರು; 1990ರ ದಶಕದಲ್ಲಿ ಅಮೆರಿಕದ ಟೀವಿಯ ದನದ ಮಾಂಸದ ಜಾಹೀರಾತಿಗೂ ಅದೇ ಬಂತು. ಸ್ಟೆಪ್ 1957ರಲ್ಲೇ ತೀರಿಕೊಂಡಿದ್ದ.

ಕೋಪ್ಲಂಡ್‌ನನ್ನು ಕಳ್ಳನೆನ್ನುವವರ ಸಾಲಿಗೆ ನಾವು ಸೇರುವುದಿಲ್ಲ. ವಾದ್ಯಗಳನ್ನು ಹಂಚಿ ಹೊಂದಿಸಿದ ಕಸುಬು ಅವನದೇ. ನಮ್ಮ ಸಿಟ್ಟು ಜಾನಪದಕ್ಕೆ ಕರ್ತೃವಿಲ್ಲ ಎಂಬ ಮಂತ್ರ ಜಪಿಸುವ ವಿದ್ವಾಂಸರ ಮೇಲೆ. ಕನ್ಸರ್ಟ್ ಹಾಲಿನಲ್ಲಿ ಕೂತವನಿಗೆ ಪ್ರತಿಭೆ, ಬೆಟ್ಟದ ಊರಿನವನಿಗೆ ಬರೀ ಪರಂಪರೆ, ಇದ್ಯಾವ ನ್ಯಾಯ? ಪರಂಪರೆಯೇ ನುಡಿಸಿದ್ದರೆ ಎಲ್ಲರ ಕೈಯಲ್ಲೂ ಅದೇ ವೇಗ ಬರಬೇಕಿತ್ತಲ್ಲ. ಅಮೆರಿಕ ಕಡೆಗೂ ಸ್ವಲ್ಪ ಎಚ್ಚೆತ್ತಿದೆ: 2016ರಲ್ಲಿ ಸ್ಟೆಪ್‌ನ ಆ ಡಿಸ್ಕ್ ರಾಷ್ಟ್ರೀಯ ಧ್ವನಿಮುದ್ರಿಕೆಗಳ ಪಟ್ಟಿಗೆ ಸೇರಿತು, ಅವನ ಹೆಸರಿನಲ್ಲೇ.

ಈ ಸಂಚಿಕೆ ಹಳೆಯ ಧ್ವನಿಮುದ್ರಿಕೆಗಳಿಗೆ ಮೀಸಲು. ಲೇಖಕರಲ್ಲಿ ಒಂದು ವಿನಂತಿ: ಇನ್ನು ಮುಂದೆ ಹಾಡಿನ ಬಗ್ಗೆ ಬರೆದು ಕಳಿಸುವಾಗ ಹಾಡಿದವರ, ನುಡಿಸಿದವರ ಹೆಸರು, ಊರು ಕಡ್ಡಾಯವಾಗಿ ಬರೆಯಿರಿ. ಗೊತ್ತಿದ್ದೂ ಬಿಟ್ಟ ಬರಹಗಳನ್ನು ವಾಪಸು ಕಳಿಸುತ್ತೇವೆ.